ಲೈನ್‌ಬ್ಯಾಕರ್ ಮತ್ತು 53ರ ಪಟ್ಟಿ

ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ತರಬೇತಿ ಶಿಬಿರ ಸೇರಿದ್ದರೂ ಋತುವಿನ ಅಂತಿಮ ತಂಡದಲ್ಲಿ ಉಳಿಯುವ ಖಾತ್ರಿಯಿಲ್ಲದವರು ಅಂಚಿನ ಆಟಗಾರರು. ಅಲ್ಲಿನವರ ಮಾತಿನಲ್ಲಿ ಇವರು ‘ಬಬಲ್’ ಮೇಲಿರುವವರು. ಪ್ರತಿ ತಂಡದ ಪ್ರತಿ ಸ್ಥಾನದಲ್ಲೂ ಇಂಥವರಿರುತ್ತಾರೆ. ಅವರಲ್ಲಿ ಲೈನ್‌ಬ್ಯಾಕರ್‌ಗಳ ಪರಿಸ್ಥಿತಿಗೆ ತನ್ನದೇ ಆದ ಲಕ್ಷಣವಿದೆ. ಅವರ ಮೂಲ ಕೆಲಸಕ್ಕೆ ಮೈದಾನದಲ್ಲಿ ಜಾಗ ಕಡಿಮೆಯಾಗುತ್ತ ಬಂದಿದೆ. ಆದರೆ ಅವರ ಮೈಕಟ್ಟು ಮತ್ತು ವೇಗ ಇರುವವರನ್ನೇ ಬೇಡುವ ಇನ್ನೊಂದು ಕೆಲಸ ತಂಡದಲ್ಲಿದೆ. ಅದು ‘ಸ್ಪೆಷಲ್ ಟೀಮ್ಸ್’, ಅಂದರೆ ಚೆಂಡನ್ನು ಒದೆಯುವ ಸಂದರ್ಭಗಳಲ್ಲಿ ಮಾತ್ರ ಕಣಕ್ಕಿಳಿಯುವ ಪಡೆ. ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ, ಅಂದರೆ ಎನ್‌ಎಫ್‌ಎಲ್‌ನಲ್ಲಿ, ತಂಡದ ಐದನೆಯ ಅಥವಾ ಆರನೆಯ ಲೈನ್‌ಬ್ಯಾಕರ್‌ನನ್ನು ಬಹುಪಾಲು ಉಳಿಸುವುದು ಈ ಎರಡನೆಯ ಕೆಲಸವೇ.

ಸ್ಥಾನ ಮತ್ತು ಕರ್ತವ್ಯ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೊಂದು ಬದಿಗೆ 11 ಆಟಗಾರರು. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ಸಿಗುತ್ತವೆ. ಎದುರಿನ ರಕ್ಷಣಾ ಪಡೆ ಮೂರು ಪದರಗಳಲ್ಲಿ ನಿಲ್ಲುತ್ತದೆ. ಮುಂದೆ ಭಾರಿ ಮೈಕಟ್ಟಿನ ಡಿಫೆನ್ಸಿವ್ ಲೈನ್, ಅದರ ಬೆನ್ನಿಗೆ ಲೈನ್‌ಬ್ಯಾಕರ್‌ಗಳು, ತೀರ ಹಿಂದೆ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿ ಎಂಬ ಡಿಫೆನ್ಸಿವ್ ಬ್ಯಾಕ್‌ಗಳು. ಲೈನ್‌ಬ್ಯಾಕರ್ ಚೆಂಡು ಹಿಡಿದು ಓಡುವವನನ್ನು ಕೆಡವಬೇಕು, ಪಾಸ್ ಹಿಡಿಯಲು ಓಡುವವನ ಬೆನ್ನು ಹತ್ತಬೇಕು, ಸೂಚನೆ ಬಂದಾಗ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗಬೇಕು. ಇಷ್ಟಕ್ಕೂ ಒಗ್ಗುವ ದೇಹ ಸಾಮಾನ್ಯವಾಗಿ 100ರಿಂದ 110 ಕಿಲೋ ತೂಗುತ್ತದೆ.

ರಕ್ಷಣಾ ವಿನ್ಯಾಸಗಳಲ್ಲಿ ಎರಡು ಮುಖ್ಯ ಪದ್ಧತಿಗಳಿವೆ. 4-3 ಪದ್ಧತಿಯಲ್ಲಿ ಮುಂದಿನ ಸಾಲಿನಲ್ಲಿ ನಾಲ್ವರು, ಅವರ ಹಿಂದೆ ಮೂವರು ಲೈನ್‌ಬ್ಯಾಕರ್‌ಗಳು. ಈ ಮೂವರಿಗೆ ತಂಡಗಳಲ್ಲಿ ಮೈಕ್, ವಿಲ್, ಸ್ಯಾಮ್ ಎಂಬ ರೂಢಿನಾಮಗಳಿವೆ. ನಡುವೆ ನಿಲ್ಲುವವನು ಮೈಕ್, ಎದುರಾಳಿಯ ದುರ್ಬಲ ಬದಿಗೆ ವಿಲ್, ಬಲವಾದ ಬದಿಗೆ ಸ್ಯಾಮ್. 3-4 ಪದ್ಧತಿಯಲ್ಲಿ ಮುಂದೆ ಮೂವರು, ಹಿಂದೆ ನಾಲ್ವರು. ಆ ನಾಲ್ವರಲ್ಲಿ ಹೊರಗಿನ ಇಬ್ಬರ ಮುಖ್ಯ ಕೆಲಸ ಕ್ವಾರ್ಟರ್‌ಬ್ಯಾಕ್‌ನ ಬೇಟೆ. ಆ ಕಲೆ ವಿರಳ, ಅದಕ್ಕೆ ಬೆಲೆಯೂ ಹೆಚ್ಚು. ಒಳಗಿನ ಲೈನ್‌ಬ್ಯಾಕರ್‌ಗೆ ಆ ಬೇಡಿಕೆ ಇಲ್ಲ. ಅಂಚಿನಲ್ಲಿ ನಿಂತವರ ಪೈಪೋಟಿ ಹೆಚ್ಚು ಬಿಗಿಯಾಗಿರುವುದು ಈ ಒಳಗಿನ ಸ್ಥಾನಗಳಿಗಾಗಿ.

ಆಟ ಪಾಸ್‌ಗಳ ಕಡೆಗೆ ವಾಲಿದಂತೆ ರಕ್ಷಣಾ ತಂಡಗಳು ಒಬ್ಬ ಲೈನ್‌ಬ್ಯಾಕರ್‌ನನ್ನು ಹೊರಗಿಟ್ಟು ಐದನೆಯ ಡಿಫೆನ್ಸಿವ್ ಬ್ಯಾಕ್‌ನನ್ನು ಕಣಕ್ಕಿಳಿಸತೊಡಗಿದವು. ‘ನಿಕಲ್’ ಎನ್ನುವ ಈ ವಿನ್ಯಾಸ ಒಂದು ಕಾಲಕ್ಕೆ ವಿಶೇಷ ಸಂದರ್ಭಗಳಿಗೆ ಮೀಸಲಾಗಿತ್ತು. ಈಗ ಅರ್ಧಕ್ಕಿಂತ ಹೆಚ್ಚು ಆಟಗಳಲ್ಲಿ ಕಾಣುವುದು ಅದೇ. ಪರಿಣಾಮವಾಗಿ ಮೂರನೆಯ ಲೈನ್‌ಬ್ಯಾಕರ್ ಹೆಸರಿಗೆ ಮೊದಲ ಹನ್ನೊಂದರಲ್ಲಿದ್ದರೂ ಪಂದ್ಯದ ಹೆಚ್ಚಿನ ಹೊತ್ತು ಅಂಚುಗೆರೆಯ ಆಚೆ ನಿಂತಿರುತ್ತಾನೆ. ನಾಲ್ಕನೆಯವನೂ ಐದನೆಯವನೂ ಯಾರಾದರೂ ಗಾಯಗೊಳ್ಳದಿದ್ದರೆ ರಕ್ಷಣೆಯಲ್ಲಿ ಒಂದು ಆಟವನ್ನೂ ಆಡದೆ ಇರಬಹುದು. ಅವರಿಗೆ ತಂಡ ಸಂಬಳ ಕೊಡುವುದೇಕೆ ಎಂಬ ಪ್ರಶ್ನೆಗೆ ಪಟ್ಟಿಯ ಲೆಕ್ಕದಲ್ಲೂ ಸ್ಪೆಷಲ್ ಟೀಮ್ಸ್‌ನಲ್ಲೂ ಉತ್ತರವಿದೆ.

ಪಟ್ಟಿಯ ಲೆಕ್ಕ

ಎನ್‌ಎಫ್‌ಎಲ್ 1925ರಲ್ಲಿ ಮೊದಲ ಬಾರಿಗೆ ತಂಡದ ಗಾತ್ರಕ್ಕೆ ಮಿತಿ ಹಾಕಿದಾಗ ಅದು 16 ಆಟಗಾರರಿಗೆ ನಿಂತಿತ್ತು. ಒಬ್ಬನೇ ಆಟಗಾರ ದಾಳಿಯಲ್ಲೂ ರಕ್ಷಣೆಯಲ್ಲೂ ಆಡುತ್ತಿದ್ದ ಕಾಲ ಅದು. ಕೆಲಸಗಳು ಬೇರೆ ಬೇರೆಯಾದಂತೆ ಮಿತಿಯೂ ಏರುತ್ತ ಹೋಗಿ 1993ರಿಂದ 53ಕ್ಕೆ ನಿಂತಿದೆ. ಋತು ಆರಂಭವಾಗುವ ಮುನ್ನ ಮಾತ್ರ ಪ್ರತಿ ತಂಡ 90 ಜನರನ್ನು ಇಟ್ಟುಕೊಳ್ಳಬಹುದು. ಮೊದಲು ಈ ಕಡಿತ ಹಂತಹಂತವಾಗಿ ನಡೆಯುತ್ತಿತ್ತು. 2021 ಮತ್ತು 2022ರಲ್ಲಿ 90ರಿಂದ 85, ಅಲ್ಲಿಂದ 80, ಕೊನೆಗೆ 53 ಎಂದು ಇಳಿಸಲಾಗುತ್ತಿತ್ತು. 2023ರಿಂದ ಆಗಸ್ಟ್ ಕೊನೆಯ ಒಂದೇ ಗಡುವಿನಲ್ಲಿ 90ರಿಂದ 53ಕ್ಕೆ ಇಳಿಯಬೇಕು.

32 ತಂಡಗಳ ಶಿಬಿರಗಳಲ್ಲಿ ಒಟ್ಟು 2,880 ಸ್ಥಾನಗಳಿವೆ, ಅಂತಿಮ ಪಟ್ಟಿಗಳಲ್ಲಿ 1,696. ಆ ಗಡುವಿನೊಳಗೆ ಇಲ್ಲವಾಗುವ ಸ್ಥಾನಗಳು 1,184. ಹಾಗೆಂದು ಪ್ರತಿಯೊಬ್ಬನ ಅವಕಾಶವೂ 90ರಲ್ಲಿ 53 ಎಂದು ತಿಳಿಯುವಂತಿಲ್ಲ. ಪ್ರತಿ ತಂಡದಲ್ಲಿ ನಲವತ್ತಕ್ಕೂ ಹೆಚ್ಚು ಸ್ಥಾನಗಳು ಶಿಬಿರಕ್ಕೆ ಮೊದಲೇ ತೀರ್ಮಾನವಾಗಿರುತ್ತವೆ. ಖಾತ್ರಿ ಹಣದ ಒಪ್ಪಂದವಿರುವವರು, ಹಿಂದಿನ ಋತುವಿನಲ್ಲಿ ಆಡಿದವರು, ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತುಗಳಲ್ಲಿ ಬಂದವರು ಅವುಗಳಲ್ಲಿ ಕುಳಿತಿರುತ್ತಾರೆ. ನಿಜವಾದ ಸ್ಪರ್ಧೆ ನಡೆಯುವುದು ಉಳಿದ ಕೆಲವೇ ಸ್ಥಾನಗಳಿಗೆ.

53ರಲ್ಲಿ ಮೂವರು ಪರಿಣತರು, ಅಂದರೆ ಕಿಕ್ಕರ್, ಪಂಟರ್ ಮತ್ತು ಲಾಂಗ್ ಸ್ನ್ಯಾಪರ್. ಉಳಿದ 50 ಸ್ಥಾನಗಳು ದಾಳಿಗೂ ರಕ್ಷಣೆಗೂ ಹೆಚ್ಚುಕಡಿಮೆ ಸಮವಾಗಿ ಹಂಚಿಕೆಯಾಗುತ್ತವೆ. 4-3 ಆಡುವ ತಂಡ ಸಾಮಾನ್ಯವಾಗಿ ಐದು ಅಥವಾ ಆರು ಲೈನ್‌ಬ್ಯಾಕರ್‌ಗಳನ್ನು ಉಳಿಸಿಕೊಳ್ಳುತ್ತದೆ. 3-4 ತಂಡ ಒಳಗಿನ ಸ್ಥಾನಕ್ಕೆ ನಾಲ್ಕೈದು ಜನರನ್ನು, ಹೊರಗಿನ ಸ್ಥಾನಕ್ಕೆ ಅಷ್ಟೇ ಜನರನ್ನು ಇಟ್ಟುಕೊಳ್ಳುತ್ತದೆ. ಈ ಸಂಖ್ಯೆ ಬೇರೆ ಸ್ಥಾನಗಳ ಒತ್ತಡಕ್ಕೆ ಕರಗುವುದೂ ಉಂಟು. ಇಬ್ಬರು ಅಫೆನ್ಸಿವ್ ಲೈನ್‌ಮನ್‌ಗಳ ಮೊಣಕಾಲು ನಂಬುವಂತಿಲ್ಲದಿದ್ದರೆ ಒಂಬತ್ತರ ಜಾಗದಲ್ಲಿ ಹತ್ತು ಲೈನ್‌ಮನ್‌ಗಳು ಉಳಿಯುತ್ತಾರೆ, ಆರನೆಯ ಲೈನ್‌ಬ್ಯಾಕರ್ ಮನೆಗೆ ಹೋಗುತ್ತಾನೆ. ಅವನ ಆಟದಲ್ಲಿ ಯಾವ ಕೊರತೆಯೂ ಇಲ್ಲದಿರಬಹುದು.

ಪಂದ್ಯದ ದಿನ ಇನ್ನೊಂದು ಜರಡಿ ಇದೆ. 53ರಲ್ಲಿ ಕಣಕ್ಕಿಳಿಯಲು ಅರ್ಹರಾಗುವವರು 48 ಜನ. ಅದೂ ಎಂಟು ಅಫೆನ್ಸಿವ್ ಲೈನ್‌ಮನ್‌ಗಳು ಆ ಪಟ್ಟಿಯಲ್ಲಿದ್ದರೆ ಮಾತ್ರ, ಇಲ್ಲವಾದರೆ 47. ಮೀಸಲು ಕ್ವಾರ್ಟರ್‌ಬ್ಯಾಕ್ ಒದೆತದ ಪಡೆಯಲ್ಲಿ ಓಡುವುದಿಲ್ಲ, ಭಾರಿ ಲೈನ್‌ಮನ್‌ಗಳು ಅಷ್ಟು ದೂರ ಓಡಲಾರರು. ಆ ಓಟಕ್ಕೆ ಬೇಕಾದವರು ಮೀಸಲು ಲೈನ್‌ಬ್ಯಾಕರ್, ಸೇಫ್ಟಿ, ಟೈಟ್ ಎಂಡ್‌ಗಳ ಸಾಲಿನಿಂದಲೇ ಬರಬೇಕು.

ಶಿಬಿರಕ್ಕೆ ಬರುವ ದಾರಿಗಳು

ಅಂಚಿನ ಲೈನ್‌ಬ್ಯಾಕರ್‌ಗಳು ಮುಖ್ಯವಾಗಿ ನಾಲ್ಕು ದಾರಿಗಳಲ್ಲಿ ಬರುತ್ತಾರೆ. ಮೊದಲನೆಯದು ಏಪ್ರಿಲ್‌ನಲ್ಲಿ ನಡೆಯುವ ಡ್ರಾಫ್ಟ್‌ನ ಕೊನೆಯ ಸುತ್ತುಗಳು. ಏಳು ಸುತ್ತುಗಳ ಡ್ರಾಫ್ಟ್‌ನಲ್ಲಿ ಐದನೆಯ ಸುತ್ತಿನ ನಂತರ ಆಯ್ಕೆಯಾದವರಿಗೆ ಉಳಿವಿನ ಭರವಸೆ ಕಡಿಮೆ. ಎರಡನೆಯದು ಡ್ರಾಫ್ಟ್ ಮುಗಿದ ಕೂಡಲೇ ಆಯ್ಕೆಯಾಗದವರೊಡನೆ ತಂಡಗಳು ಮಾಡಿಕೊಳ್ಳುವ ಒಪ್ಪಂದ. ಡ್ರಾಫ್ಟ್ ಆದವರ ಒಪ್ಪಂದ ನಾಲ್ಕು ವರ್ಷದ್ದು, ಇವರದ್ದು ಮೂರು ವರ್ಷದ್ದು. ಖಾತ್ರಿ ಹಣ ಅಲ್ಪವಾದ್ದರಿಂದ ಇವರನ್ನು ಬಿಟ್ಟರೆ ತಂಡಕ್ಕೆ ನಷ್ಟವಿಲ್ಲ. ಮೂರನೆಯದು, ಹಿಂದಿನ ಋತು ಮುಗಿದ ಮೇಲೆ ಪ್ರಾಕ್ಟೀಸ್ ಸ್ಕ್ವಾಡ್‌ನವರಿಗೆ, ಅಂದರೆ 53ರ ಹೊರಗಿನ ಅಭ್ಯಾಸದ ಪಡೆಯವರಿಗೆ, ಮುಂದಿನ ವರ್ಷಕ್ಕೆಂದು ಕೊಡುವ ‘ಫ್ಯೂಚರ್ಸ್’ ಒಪ್ಪಂದ. ನಾಲ್ಕನೆಯದು, ಹಿರಿಯ ಆಟಗಾರರಿಗೆ ಕನಿಷ್ಠ ಸಂಬಳದ ಒಂದು ವರ್ಷದ ಒಪ್ಪಂದ.

ಈ ನಾಲ್ವರೂ ಒಂದೇ ಸ್ಥಾನಕ್ಕೆ ಹೋರಾಡಿದರೂ ತಕ್ಕಡಿ ಸಮವಾಗಿರುವುದಿಲ್ಲ. ಆರನೆಯ ಸುತ್ತಿನ ಆಯ್ಕೆಯನ್ನು ಬಿಡುವುದೆಂದರೆ ತಂಡದ ಆಡಳಿತ ತನ್ನ ತೀರ್ಮಾನವನ್ನು ತಾನೇ ಬದಲಿಸಿದಂತೆ, ಆದ್ದರಿಂದ ಅವನಿಗೆ ಮೊದಲ ಬೇಸಿಗೆಯಲ್ಲಿ ಒಂದಷ್ಟು ಸಲಿಗೆ ಸಿಗುತ್ತದೆ. ಹಿರಿಯನಿಗೆ ಅನುಭವದ ಬಲವಿದ್ದರೂ ಅವನ ಸಂಬಳ ಹೆಚ್ಚು, ಮುಂದಿನ ವರ್ಷಗಳ ಭರವಸೆ ಕಡಿಮೆ. ಡ್ರಾಫ್ಟ್ ಆಗದವನು ಇಬ್ಬರಿಗಿಂತಲೂ ಎದ್ದು ಕಾಣುವಂತೆ ಆಡಬೇಕು. ಸರಿಸಮವಾಗಿ ಆಡಿದರೆ ಸಾಲದು.

ಶಿಬಿರ ಮತ್ತು ಪ್ರೀಸೀಸನ್

ಜುಲೈ ಕೊನೆಯಲ್ಲಿ ಆರಂಭವಾಗುವ ಶಿಬಿರದಲ್ಲಿ ಆಟಗಾರನ ಬಂಡವಾಳವೆಂದರೆ ಅವನಿಗೆ ಸಿಗುವ ‘ರೆಪ್’ಗಳು, ಅಂದರೆ ಅಭ್ಯಾಸದಲ್ಲಿ ಆಡಲು ದೊರೆಯುವ ಸರದಿಗಳು. ಮೊದಲ ಸಾಲಿನವರಿಗೆ ಹೆಚ್ಚು, ಎರಡನೆಯವರಿಗೆ ಕಡಿಮೆ, ಮೂರನೆಯವರಿಗೆ ಉಳಿದದ್ದು. 2011ರ ಕಾರ್ಮಿಕ ಒಪ್ಪಂದ ದಿನಕ್ಕೆರಡು ಬಾರಿಯ ಪೂರ್ಣ ಅಭ್ಯಾಸವನ್ನು ಕೊನೆಗೊಳಿಸಿತು. 2020ರ ಒಪ್ಪಂದ ಪ್ಯಾಡ್ ಧರಿಸಿದ ಅಭ್ಯಾಸಗಳನ್ನು 16ಕ್ಕೆ ಸೀಮಿತಗೊಳಿಸಿತು. ಆಟಗಾರರ ದೇಹಕ್ಕೆ ಇದು ಅತ್ಯಗತ್ಯ ರಕ್ಷಣೆ. ಆದರೆ ಪ್ಯಾಡ್ ಧರಿಸಿ ಡಿಕ್ಕಿಯಾಗುವಾಗ ಮಾತ್ರ ತನ್ನ ಗುಣ ತೋರಿಸಬಲ್ಲ ಲೈನ್‌ಬ್ಯಾಕರ್‌ಗೆ ಪರೀಕ್ಷೆಯ ದಿನಗಳು ಇದರಿಂದ ಕಡಿಮೆಯಾದವು.

ಪ್ರೀಸೀಸನ್ ಪಂದ್ಯಗಳ, ಅಂದರೆ ಋತುವಿಗೆ ಮುಂಚಿನ ಅಭ್ಯಾಸ ಪಂದ್ಯಗಳ, ಕಥೆಯೂ ಹಾಗೆಯೇ. ಋತುವಿನ ಪಂದ್ಯಗಳು 2021ರಲ್ಲಿ 16ರಿಂದ 17ಕ್ಕೆ ಏರಿದಾಗ ಪ್ರೀಸೀಸನ್ ನಾಲ್ಕರಿಂದ ಮೂರಕ್ಕೆ ಇಳಿಯಿತು. ಖ್ಯಾತ ಆಟಗಾರರು ವಿಶ್ರಾಂತಿ ಪಡೆಯುತ್ತಿದ್ದ ನಾಲ್ಕನೆಯ ಪಂದ್ಯ ಇಡಿಯಾಗಿ ಅಂಚಿನವರದ್ದಾಗಿತ್ತು. 2020ರಲ್ಲಂತೂ ಕೋವಿಡ್ ಕಾರಣ ಪ್ರೀಸೀಸನ್ ನಡೆಯಲೇ ಇಲ್ಲ. ಆ ವರ್ಷದ ಹೊಸಬರಿಗೆ ತಂಡದ ಹೊರಗಿನವರ ಕಣ್ಣಿಗೆ ಬೀಳುವ ದಾರಿಯೇ ಮುಚ್ಚಿಹೋಯಿತು. ಈ ಪಂದ್ಯಗಳ ವಿಡಿಯೊವನ್ನು 32 ತಂಡಗಳ ಪರಿಶೀಲಕರೂ ನೋಡುತ್ತಾರೆ. ಒಂದು ತಂಡ ಬಿಟ್ಟವನನ್ನು ಇನ್ನೊಂದು ತಂಡ ಕರೆಯುವುದು ಆ ‘ಟೇಪ್’ನ ಬಲದಿಂದ. ಆದ್ದರಿಂದ ತನ್ನ ತಂಡದಲ್ಲಿ ಜಾಗವಿಲ್ಲವೆಂದು ಖಚಿತವಾದವನೂ ಕೊನೆಯ ನಿಮಿಷದವರೆಗೆ ಪೂರ್ತಿ ಶಕ್ತಿಯಿಂದ ಆಡುತ್ತಾನೆ.

ಮೈದಾನದ ಹೊರಗೂ ಪರೀಕ್ಷೆಯಿದೆ. 2008ರಿಂದ ರಕ್ಷಣಾ ಪಡೆಯ ಒಬ್ಬ ಆಟಗಾರನ ಹೆಲ್ಮೆಟ್‌ನಲ್ಲಿ ರೇಡಿಯೊ ಇರಿಸಲು ಅವಕಾಶವಿದೆ. ಹೆಲ್ಮೆಟ್‌ನ ಹಿಂದಿನ ಹಸಿರು ಚುಕ್ಕೆ ಅದರ ಗುರುತು. ಸಾಮಾನ್ಯವಾಗಿ ಒಬ್ಬ ಲೈನ್‌ಬ್ಯಾಕರ್ ಅದನ್ನು ಧರಿಸಿ ತರಬೇತುದಾರರ ಸೂಚನೆಯನ್ನು ಉಳಿದ ಹತ್ತು ಜನರಿಗೆ ಮುಟ್ಟಿಸುತ್ತಾನೆ. ಮೈಕ್, ವಿಲ್ ಎರಡೂ ಸ್ಥಾನಗಳ ಕೆಲಸ ಕಲಿತು, ಈ ಹೊಣೆಯನ್ನೂ ಹೊರಬಲ್ಲ ಮೀಸಲು ಆಟಗಾರ ಎರಡು ಸ್ಥಾನಗಳ ಕೊರತೆಯನ್ನು ಒಬ್ಬನೇ ತುಂಬುತ್ತಾನೆ. 53ರ ಲೆಕ್ಕದಲ್ಲಿ ಅದು ದೊಡ್ಡ ಉಳಿತಾಯ.

ಸ್ಪೆಷಲ್ ಟೀಮ್ಸ್

ಪಂದ್ಯದಲ್ಲಿ ಚೆಂಡನ್ನು ಒದೆಯುವ ಸಂದರ್ಭಗಳಿಗೆ ಆರು ಪಡೆಗಳಿವೆ: ಕಿಕ್‌ಆಫ್, ಕಿಕ್‌ಆಫ್ ರಿಟರ್ನ್, ಪಂಟ್, ಪಂಟ್ ರಿಟರ್ನ್, ಫೀಲ್ಡ್ ಗೋಲ್, ಫೀಲ್ಡ್ ಗೋಲ್ ತಡೆ. ಇವುಗಳಲ್ಲಿ ಮೊದಲ ನಾಲ್ಕು ಓಟ ಮತ್ತು ಟ್ಯಾಕಲ್‌ನ ಕೆಲಸಗಳು. ಆ ನಾಲ್ಕರಲ್ಲೂ ಆಡುವವನಿಗೆ ತಂಡದಲ್ಲಿ ವಿಶೇಷ ಬೆಲೆ. ತಲೆಯೆಣಿಕೆಯಲ್ಲಿ ಒಬ್ಬನಾದ ಅವನು ನಾಲ್ಕು ಪಡೆಗಳಲ್ಲಿ ಒಂದೊಂದು ಜಾಗ ತುಂಬುತ್ತಾನೆ.

ಲೈನ್‌ಬ್ಯಾಕರ್ ಇದಕ್ಕೆ ಒಗ್ಗುವುದು ಅವನ ದೇಹದ ಹದದಿಂದ. ಕಾರ್ನರ್‌ಬ್ಯಾಕ್ ವೇಗಿಯಾದರೂ ದೊಡ್ಡ ಬ್ಲಾಕರ್‌ನನ್ನು ತಳ್ಳಿ ಸಾಗಲಾರ. ಡಿಫೆನ್ಸಿವ್ ಲೈನ್‌ಮನ್ ತಳ್ಳಬಲ್ಲ, ಅಷ್ಟು ದೂರ ಓಡಲಾರ. ಲೈನ್‌ಬ್ಯಾಕರ್‌ಗೆ ಎರಡೂ ಸಾಧ್ಯ. ಪಂಟ್ ಪಡೆಯಲ್ಲಿ ಅವನು ಮೊದಲು ಒದೆಯುವವನನ್ನು ಕಾಯಬೇಕು, ಚೆಂಡು ಹಾರಿದ ಕ್ಷಣದಿಂದ ನಲವತ್ತು ಗಜ ಓಡಿ ಚೆಂಡು ಹಿಡಿದವನನ್ನು ಸುತ್ತುವರಿಯಬೇಕು. ರಿಟರ್ನ್ ಪಡೆಗಳಲ್ಲಿ ಇದೇ ಕೆಲಸ ತಿರುವುಮುರುವಾಗಿ, ಓಡಿಬರುವವರನ್ನು ತಡೆಯುವ ರೂಪದಲ್ಲಿ ಬರುತ್ತದೆ.

ಅಂಚಿನ ಲೈನ್‌ಬ್ಯಾಕರ್ ಉಳಿಯುವನೇ ಎಂಬ ತೀರ್ಮಾನದಲ್ಲಿ ಸ್ಪೆಷಲ್ ಟೀಮ್ಸ್ ತರಬೇತುದಾರನ ಮಾತಿಗೆ ತೂಕ ಹೆಚ್ಚು. ಅಂತಿಮ ಸಭೆಯಲ್ಲಿ ಕೊನೆಯ ಐದಾರು ಸ್ಥಾನಗಳ ಚರ್ಚೆ ಬಂದಾಗ, ಈತ ನನಗೆ ಬೇಕು ಎಂದು ಪಟ್ಟು ಹಿಡಿಯುವವನು ಅವನೇ. ಪಂದ್ಯದ ಟಿವಿ ವಿವರಣೆಯಲ್ಲಿ ಈ ಆಟಗಾರರ ಹೆಸರು ವಿರಳವಾಗಿ ಕೇಳುತ್ತದೆ. ಆದರೆ ಎದುರಾಳಿಯ ಆಟ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನಿರ್ಧರಿಸುವವರು ಇವರು. ಬಿಗಿಯಾದ ಪಂದ್ಯದಲ್ಲಿ ಹತ್ತು ಗಜದ ವ್ಯತ್ಯಾಸ ಗೆಲುವಿಗೂ ಸೋಲಿಗೂ ನಡುವಿನ ಅಂತರವಾಗುತ್ತದೆ.

ಕಿಕ್‌ಆಫ್ ನಿಯಮಗಳ ಪ್ರಭಾವ

ಈ ಕೆಲಸದ ಬೆಲೆ ನಿಯಮಗಳೊಂದಿಗೆ ಏರಿಳಿದಿದೆ. ಪೂರ್ಣ ವೇಗದಲ್ಲಿ ಎದುರುಬದುರು ಓಡಿಬರುವವರ ಡಿಕ್ಕಿಗಳಿಂದ ತಲೆಗೆ ಪೆಟ್ಟಾಗುವುದನ್ನು ತಡೆಯಲು ಲೀಗ್ ಕಿಕ್‌ಆಫ್ ನಿಯಮಗಳನ್ನು ಮತ್ತೆ ಮತ್ತೆ ಬದಲಿಸಿತು. 2009ರಲ್ಲಿ ಮೂರು ಅಥವಾ ಹೆಚ್ಚು ಜನ ಒತ್ತಾಗಿ ನಿಂತು ಗೋಡೆ ಕಟ್ಟುವುದನ್ನು ನಿಷೇಧಿಸಲಾಯಿತು. 2011ರಲ್ಲಿ ಒದೆಯುವ ಗೆರೆಯನ್ನು 30ರಿಂದ 35 ಗಜಕ್ಕೆ ಮುಂದೆ ಸರಿಸಿದಾಗ ಚೆಂಡು ಕೊನೆಯ ವಲಯ ದಾಟಿ ಬೀಳುವ ‘ಟಚ್‌ಬ್ಯಾಕ್’ಗಳು ಹೆಚ್ಚಿದವು, ಓಟಗಳು ಕಡಿಮೆಯಾದವು. 2018ರಲ್ಲಿ ಒದೆಯುವ ತಂಡದವರು ದೂರದಿಂದ ಓಡಿಬಂದು ಗೆರೆ ದಾಟುವುದನ್ನು ತಡೆಯಲಾಯಿತು. 2023ರಲ್ಲಿ ಚೆಂಡನ್ನು ನಿಂತಲ್ಲೇ ಹಿಡಿದರೂ 25ನೆಯ ಗಜದಿಂದ ಆಟ ಶುರುಮಾಡುವ ಅವಕಾಶ ಬಂತು. ಈ ಒಂದೊಂದು ಹೆಜ್ಜೆಯೂ ಆಟಗಾರರ ಆರೋಗ್ಯಕ್ಕೆ ಒಳ್ಳೆಯದೇ ಆಗಿತ್ತು. ಜೊತೆಗೆ ಕಿಕ್‌ಆಫ್ ಪಡೆಯ ಕೆಲಸವನ್ನು ನಂಬಿಕೊಂಡಿದ್ದವನ ನೆಲವನ್ನೂ ಸ್ವಲ್ಪ ಸ್ವಲ್ಪವಾಗಿ ಕುಗ್ಗಿಸಿತು.

2024ರ ‘ಡೈನಾಮಿಕ್ ಕಿಕ್‌ಆಫ್’ ಈ ಹರಿವನ್ನು ತಿರುಗಿಸಿತು. ಒದೆಯುವವನು ತನ್ನ 35ನೆಯ ಗಜದಲ್ಲೇ ನಿಲ್ಲುತ್ತಾನೆ. ಅವನ ಹತ್ತು ಜೊತೆಗಾರರು ಎದುರಾಳಿಯ 40ನೆಯ ಗಜದಲ್ಲಿ ಸಾಲುಗಟ್ಟುತ್ತಾರೆ. ಎದುರು ತಂಡದ ಕನಿಷ್ಠ ಒಂಬತ್ತು ಜನ 30 ಮತ್ತು 35ರ ಗೆರೆಗಳ ನಡುವೆ ನಿಲ್ಲುತ್ತಾರೆ. ಚೆಂಡು ನೆಲ ಮುಟ್ಟುವವರೆಗೆ ಅಥವಾ ಆಟಗಾರನಿಗೆ ತಾಗುವವರೆಗೆ ಈ ಎರಡು ಸಾಲುಗಳು ಕದಲುವಂತಿಲ್ಲ. ದೂರದ ಓಟ ಹೋಗಿ ಹತ್ತಿರದ ಕಾದಾಟ ಬಂದಿತು. 2023ರಲ್ಲಿ ಕಿಕ್‌ಆಫ್‌ಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಮಾತ್ರ ರಿಟರ್ನ್ ಓಟವಿತ್ತು. 2024ರಲ್ಲಿ ಅದು ಸುಮಾರು ಮೂರರಲ್ಲಿ ಒಂದಕ್ಕೆ ಏರಿತು. 2025ರಲ್ಲಿ ಟಚ್‌ಬ್ಯಾಕ್‌ಗೆ ಸಿಗುವ ನೆಲೆಯನ್ನು 30ರಿಂದ 35ನೆಯ ಗಜಕ್ಕೆ ಸರಿಸಿದ ಮೇಲೆ ಓಟಗಳು ಇನ್ನಷ್ಟು ಹೆಚ್ಚಿದವು. ಹತ್ತಿರದಿಂದ ಬ್ಲಾಕ್ ಮಾಡಿ, ಬಿಡಿಸಿಕೊಂಡು, ಟ್ಯಾಕಲ್ ಮಾಡಬಲ್ಲ ಮಧ್ಯಮ ಗಾತ್ರದ ದೇಹಕ್ಕೆ, ಅಂದರೆ ಲೈನ್‌ಬ್ಯಾಕರ್‌ಗೆ, ಮತ್ತೆ ಬೆಲೆ ಬಂದಿದೆ.

ಕಡಿತ, ವೇವರ್, ಪ್ರಾಕ್ಟೀಸ್ ಸ್ಕ್ವಾಡ್

ಕಡಿತದ ಸುದ್ದಿ ತರುವ ತಂಡದ ಸಿಬ್ಬಂದಿಯನ್ನು ಆಟಗಾರರು ಹಿಂದಿನಿಂದ ‘ಟರ್ಕ್’ ಎಂದು ಕರೆಯುತ್ತ ಬಂದಿದ್ದಾರೆ. ಮುಖ್ಯ ತರಬೇತುದಾರ ಕರೆಯುತ್ತಿದ್ದಾರೆ, ಪ್ಲೇಬುಕ್ ತೆಗೆದುಕೊಂಡು ಬಾ ಎಂದರೆ ಶಿಬಿರ ಮುಗಿಯಿತೆಂದು ಅರ್ಥ. ಎಚ್‌ಬಿಒ ವಾಹಿನಿ 2001ರಲ್ಲಿ ಬಾಲ್ಟಿಮೋರ್ ರೇವನ್ಸ್ ಶಿಬಿರದಿಂದ ಆರಂಭಿಸಿದ ‘ಹಾರ್ಡ್ ನಾಕ್ಸ್’ ಸಾಕ್ಷ್ಯಚಿತ್ರ ಸರಣಿ ಈ ಗಳಿಗೆಗಳನ್ನು ಸಾರ್ವಜನಿಕರ ಮುಂದಿಟ್ಟಿತು.

ನಾಲ್ಕು ಪೂರ್ಣ ಋತುಗಳ ಲೆಕ್ಕ ತುಂಬದ ಆಟಗಾರನನ್ನು ಬಿಟ್ಟಾಗ ಅವನು ‘ವೇವರ್’ಗೆ ಹೋಗುತ್ತಾನೆ. ಉಳಿದ 31 ತಂಡಗಳಲ್ಲಿ ಯಾವುದಾದರೂ ಅವನನ್ನು ಅದೇ ಒಪ್ಪಂದದೊಂದಿಗೆ ಪಡೆಯಬಹುದು. ಹಲವು ತಂಡಗಳು ಕೇಳಿದರೆ ಆಗಸ್ಟ್‌ನಲ್ಲಿ ಹಿಂದಿನ ಋತುವಿನ ಹಿನ್ನಡೆಯ ಆಧಾರದ ಮೇಲೆ ಆದ್ಯತೆ ಸಿಗುತ್ತದೆ. ಯಾರೂ ಕೇಳದಿದ್ದರೆ ಅವನು ಸ್ವತಂತ್ರ. ಹೆಚ್ಚಿನವರನ್ನು ಯಾರೂ ಕೇಳುವುದಿಲ್ಲ. ನಾಲ್ಕು ಋತು ತುಂಬಿದವನು ಈ ಹಂತದಲ್ಲಿ ನೇರವಾಗಿ ಸ್ವತಂತ್ರನಾಗುತ್ತಾನೆ. ಅವನು ಬೇರೆಡೆಗೆ ಹೋಗುವುದಿಲ್ಲವೆಂಬ ನಂಬಿಕೆಯಿದ್ದರೆ ತಂಡ ಒಂದು ದಿನದ ಮಟ್ಟಿಗೆ ಅವನನ್ನು ಬಿಟ್ಟು, ಜಾಗವಾದ ಕೂಡಲೇ ಮರಳಿ ಕರೆಯಬಹುದು.

ಮೊದಲ 53ರ ಪಟ್ಟಿ ಅಂತಿಮವೆಂದು ಭಾವಿಸುವಂತಿಲ್ಲ. ಮರುದಿನವೇ ಬೇರೆ ತಂಡದಿಂದ ಬಂದವನಿಗಾಗಿ ಇಂದು ಉಳಿದವನು ಹೊರಬೀಳಬಹುದು. ಗಾಯಾಳುಗಳ ಮೀಸಲು ಪಟ್ಟಿಗೆ ಯಾರನ್ನಾದರೂ ಸೇರಿಸಿದರೆ ಹೊರಬಿದ್ದವನು ಒಳಬರಬಹುದು. 2024ರಿಂದ ಕಡಿತದ ದಿನವೇ ಗಾಯಾಳುಗಳ ಪಟ್ಟಿಗೆ ಸೇರಿಸಿದ ಇಬ್ಬರನ್ನು ಋತುವಿನಲ್ಲಿ ಮುಂದೆ ಮರಳಿ ಕರೆಯಲು ಅವಕಾಶ ಕೊಡಲಾಗಿದೆ. ಇದರಿಂದ ಪ್ರತಿ ತಂಡದಲ್ಲಿ ಅಂಚಿನವರಿಗೆ ಒಂದೆರಡು ಜಾಗ ಆರಂಭದಲ್ಲೇ ತೆರೆಯುತ್ತದೆ.

53ರ ಹೊರಗೆ ಪ್ರತಿ ತಂಡಕ್ಕೆ 16 ಜನರ ಪ್ರಾಕ್ಟೀಸ್ ಸ್ಕ್ವಾಡ್ ಇದೆ. ಅದರಲ್ಲಿ ಆರು ಜಾಗಗಳಿಗೆ ಅನುಭವದ ಮಿತಿಯಿಲ್ಲ. ಉಳಿದವು ಹೊಸಬರಿಗೆ ಮೀಸಲು. 2014ರಲ್ಲಿ 10 ಇದ್ದ ಈ ಸಂಖ್ಯೆ 2020ರ ಸಾಂಕ್ರಾಮಿಕದ ಹೊತ್ತಿಗೆ 16ಕ್ಕೆ ಏರಿ ಅಲ್ಲೇ ನಿಂತಿತು. ಒಟ್ಟು 512 ಜಾಗಗಳು ಇಲ್ಲಿ ಸಿಗುತ್ತವೆ. ಸ್ಕ್ವಾಡ್‌ನಿಂದ ವಾರಕ್ಕೆ ಇಬ್ಬರನ್ನು ಪಂದ್ಯಕ್ಕೆ ಏರಿಸಬಹುದು, ಒಬ್ಬನನ್ನು ಋತುವಿನಲ್ಲಿ ಮೂರು ಬಾರಿ. ಒದೆತದ ಪಡೆಗಳಲ್ಲಿ ಜಾಗ ಖಾಲಿಯಾದಾಗ ಈ ಏರಿಕೆ ಹಲವು ಬಾರಿ ಲೈನ್‌ಬ್ಯಾಕರ್‌ಗೆ ಸಿಗುತ್ತದೆ. ಬೇರೆ ತಂಡ ತನ್ನ 53ಕ್ಕೆ ಸೇರಿಸಿಕೊಳ್ಳುವುದಾದರೆ ಸ್ಕ್ವಾಡ್‌ನ ಆಟಗಾರ ಯಾವಾಗ ಬೇಕಾದರೂ ಹೋಗಬಹುದು. ಹಾಗೆ ಹೋದವನಿಗೆ ಕನಿಷ್ಠ ಮೂರು ವಾರಗಳ ಪೂರ್ಣ ಸಂಬಳ ಖಾತ್ರಿ.

ಹಣ ಮತ್ತು ಭದ್ರತೆ

2025ರಲ್ಲಿ ಮೊದಲ ವರ್ಷದ ಆಟಗಾರನಿಗೆ 53ರಲ್ಲಿ ಇಡೀ ಋತು ಉಳಿದರೆ ಕನಿಷ್ಠ ಸಂಬಳ 8,40,000 ಡಾಲರ್. ಹೊಸಬನಿಗೆ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಆ ವರ್ಷ ವಾರಕ್ಕೆ 13,000 ಡಾಲರ್. 18 ವಾರವೂ ಉಳಿದರೆ 2,34,000. ಸಂಬಳ ಸಿಗುವುದು ವಾರದ ಲೆಕ್ಕದಲ್ಲಿ; ಯಾವ ವಾರ ಬೇಕಾದರೂ ಅದು ನಿಲ್ಲಬಹುದು.

ಇನ್ನೂ ಮುಖ್ಯವಾದದ್ದು ಋತುಗಳ ಎಣಿಕೆ. ಮೂರು ಪಂದ್ಯಗಳಷ್ಟು ಕಾಲ ಪಟ್ಟಿಯಲ್ಲಿದ್ದರೆ ಪಿಂಚಣಿಯ ಲೆಕ್ಕಕ್ಕೆ ಒಂದು ಋತು ಸೇರುತ್ತದೆ. ಅಂಥ ಮೂರು ಋತುಗಳು ತುಂಬಿದರೆ ಪಿಂಚಣಿಯ ಹಕ್ಕು ಬರುತ್ತದೆ. ವೇವರ್ ಮತ್ತು ಮುಕ್ತ ಒಪ್ಪಂದಗಳಿಗೆ ಬೇಕಾದ ಋತುವಿನ ಎಣಿಕೆಗೆ ಆರು ಪಂದ್ಯಗಳು ಬೇಕು. ದೇಹವನ್ನು ಪಣಕ್ಕಿಟ್ಟು ಆಡುವವನಿಗೆ ಇನ್ನೊಂದು ಆಗಸ್ಟ್ ಎಂದರೆ ಇಳಿವಯಸ್ಸಿನ ಆಧಾರದ ಪ್ರಶ್ನೆಯೂ ಹೌದು.

ಹೊರಗಿನ ಲೀಗ್‌ಗಳು

ಎನ್‌ಎಫ್‌ಎಲ್‌ನ ಬಾಗಿಲು ಮುಚ್ಚಿದಾಗ ಬೇರೆ ಲೀಗ್‌ಗಳು ಎರಡನೆಯ ಪರೀಕ್ಷಾ ಕಣಗಳಾಗಿವೆ. 1983ರಿಂದ 1985ರವರೆಗೆ ಯುನೈಟೆಡ್ ಸ್ಟೇಟ್ಸ್ ಫುಟ್‌ಬಾಲ್ ಲೀಗ್ (ಯುಎಸ್‌ಎಫ್‌ಎಲ್), 2007ರಲ್ಲಿ ನಿಂತುಹೋದ ಎನ್‌ಎಫ್‌ಎಲ್ ಯುರೋಪ್, ಕೆನಡಾದ ಸಿಎಫ್‌ಎಲ್, 2024ರಲ್ಲಿ ಅದೇ ಹೆಸರಿನ ಹೊಸ ಯುಎಸ್‌ಎಫ್‌ಎಲ್ ಮತ್ತು ಎಕ್ಸ್‌ಎಫ್‌ಎಲ್ ಕೂಡಿ ರೂಪುಗೊಂಡ ಯುಎಫ್‌ಎಲ್ ಇವುಗಳಲ್ಲಿ ಮುಖ್ಯವಾದವು. ಕೆನಡಾದ ಮೈದಾನ ಅಗಲವಾದದ್ದು, ಪ್ರಯತ್ನಗಳು ಮೂರೇ. ಅಲ್ಲಿ ಪಾಸ್‌ಗಳು ಹೆಚ್ಚು, ಅವನ್ನು ತಡೆಯಲು ಓಡಬಲ್ಲ ಲೈನ್‌ಬ್ಯಾಕರ್‌ಗೆ ಒಳ್ಳೆಯ ಪರೀಕ್ಷೆ.

ಪ್ರಮುಖ ಉದಾಹರಣೆಗಳು

ಸ್ಯಾಮ್ ಮಿಲ್ಸ್: ಮಾಂಟ್‌ಕ್ಲೇರ್ ಸ್ಟೇಟ್‌ನಲ್ಲಿ ಓದಿದ, 5 ಅಡಿ 9 ಅಂಗುಲ ಎತ್ತರದ ಇವರನ್ನು ಯಾರೂ ಡ್ರಾಫ್ಟ್ ಮಾಡಲಿಲ್ಲ. 1981ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಶಿಬಿರದಿಂದ ಹೊರಬಿದ್ದರು, ಕೆನಡಾದ ಟೊರಾಂಟೊ ತಂಡವೂ ಬಿಟ್ಟಿತು. ನ್ಯೂಜೆರ್ಸಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಅವರು ಯುಎಸ್‌ಎಫ್‌ಎಲ್‌ನ ಫಿಲಡೆಲ್ಫಿಯಾ ಸ್ಟಾರ್ಸ್ ಸೇರಿದರು. ಆ ತಂಡದ ತರಬೇತುದಾರ ಜಿಮ್ ಮೋರಾ 1986ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೋದಾಗ ಮಿಲ್ಸ್‌ರನ್ನೂ ಕರೆದೊಯ್ದರು. ಐದು ಬಾರಿ ಋತುವಿನ ಶ್ರೇಷ್ಠ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾದ ಮಿಲ್ಸ್ ಕೊನೆಯ ಮೂರು ಋತು ಕೆರೊಲಿನಾ ಪ್ಯಾಂಥರ್ಸ್‌ಗೆ ಆಡಿದರು. 2005ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ಅವರಿಗೆ 2022ರಲ್ಲಿ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಸಂದಿತು.

ಜ್ಯಾಕ್ ಥಾಮಸ್ ಮತ್ತು ಲ್ಯಾರಿ ಇಜ್ಜೊ: 1996ರ ಮಯಾಮಿ ಡಾಲ್ಫಿನ್ಸ್ ಶಿಬಿರ ಈ ವಿಷಯಕ್ಕೆ ಒಳ್ಳೆಯ ಪಾಠ. ಐದನೆಯ ಸುತ್ತಿನಲ್ಲಿ 154ನೆಯವರಾಗಿ ಬಂದ ಥಾಮಸ್ ನಡುವಿನ ಸ್ಥಾನವನ್ನು ಗೆದ್ದರು. ಅನುಭವಿ ಜ್ಯಾಕ್ ಡೆಲ್ ರಿಯೊ ಹೊರಬಿದ್ದರು. ಡ್ರಾಫ್ಟ್ ಆಗದೆ ರೈಸ್ ವಿಶ್ವವಿದ್ಯಾಲಯದಿಂದ ಬಂದ ಇಜ್ಜೊ ಒದೆತದ ಪಡೆಗಳಲ್ಲಿ ತೋರಿದ ಛಲಕ್ಕೆ ತರಬೇತುದಾರ ಜಿಮ್ಮಿ ಜಾನ್ಸನ್ ಶಿಬಿರದ ನಡುವೆಯೇ ಅವರ ಜಾಗ ಖಚಿತವೆಂದು ಸಾರಿದರು. ಥಾಮಸ್ 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಇಜ್ಜೊ ಸ್ಪೆಷಲ್ ಟೀಮ್ಸ್ ಆಟಗಾರರಾಗಿಯೇ ಮೂರು ಪ್ರೊ ಬೌಲ್ ಕಂಡು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನೊಂದಿಗೆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಮೂರು ಬಾರಿ ಗೆದ್ದರು.

ಲಂಡನ್ ಫ್ಲೆಚರ್: ಒಹಾಯೊದ ಜಾನ್ ಕ್ಯಾರಲ್ ವಿಶ್ವವಿದ್ಯಾಲಯದಿಂದ 1998ರಲ್ಲಿ ಡ್ರಾಫ್ಟ್ ಆಗದೆ ಸೇಂಟ್ ಲೂಯಿ ರ‍್ಯಾಮ್ಸ್ ಸೇರಿದರು. 16 ಋತುಗಳಲ್ಲಿ ಸತತ 256 ಪಂದ್ಯ ಆಡಿದರು, ಒಂದನ್ನೂ ತಪ್ಪಿಸಲಿಲ್ಲ.

ಜೇಮ್ಸ್ ಹ್ಯಾರಿಸನ್: ಕೆಂಟ್ ಸ್ಟೇಟ್‌ನಿಂದ 2002ರಲ್ಲಿ ಬಂದ ಇವರನ್ನು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಒಂದಕ್ಕಿಂತ ಹೆಚ್ಚು ಬಾರಿ ಬಿಟ್ಟಿತು. ಬಾಲ್ಟಿಮೋರ್ ತಂಡ ಸೇರಿ, ಎನ್‌ಎಫ್‌ಎಲ್ ಯುರೋಪ್‌ನ ರೈನ್ ಫೈರ್‌ಗೆ ಆಡಿ, ಮತ್ತೆ ಕೆಲಸ ಕಳೆದುಕೊಂಡರು. 2004ರಲ್ಲಿ ಪಿಟ್ಸ್‌ಬರ್ಗ್‌ನ ಕ್ಲಾರ್ಕ್ ಹ್ಯಾಗನ್ಸ್ ಕೈಗೆ ಪೆಟ್ಟಾದಾಗ ಹ್ಯಾರಿಸನ್‌ಗೆ ಮತ್ತೆ ಕರೆ ಬಂತು. 2008ರಲ್ಲಿ ಲೀಗ್‌ನ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಪಡೆದರು. ಡ್ರಾಫ್ಟ್ ಆಗದ ಆಟಗಾರನಿಗೆ ಆ ಗೌರವ ಅದೇ ಮೊದಲು. ಆ ಋತುವಿನ ಸೂಪರ್ ಬೌಲ್‌ನಲ್ಲಿ ಎದುರಾಳಿಯ ಪಾಸ್ ಕಸಿದು 100 ಗಜ ಓಡಿ ಟಚ್‌ಡೌನ್ ಗಳಿಸಿದರು.

ಅಲೆಕ್ಸ್ ಸಿಂಗಲ್ಟನ್: 2015ರಲ್ಲಿ ಡ್ರಾಫ್ಟ್ ಆಗದೆ ಮೂರು ತಂಡಗಳನ್ನು ಸುತ್ತಿ ಕೆನಡಾದ ಕ್ಯಾಲ್ಗರಿ ಸೇರಿದರು. 2017ರಲ್ಲಿ ಸಿಎಫ್‌ಎಲ್‌ನ ಶ್ರೇಷ್ಠ ರಕ್ಷಣಾ ಆಟಗಾರರಾಗಿ, 2019ರಲ್ಲಿ ಫಿಲಡೆಲ್ಫಿಯಾ ಮೂಲಕ ಎನ್‌ಎಫ್‌ಎಲ್‌ಗೆ ಮರಳಿ, ಮುಂದೆ ಡೆನ್ವರ್‌ನ ರಕ್ಷಣೆಯ ನಡುವಿನ ಆಧಾರವಾದರು.

ಜೈರ್ ಫ್ರ್ಯಾಂಕ್ಲಿನ್: 2018ರ ಏಳನೆಯ ಸುತ್ತಿನಲ್ಲಿ 235ನೆಯವರಾಗಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಸೇರಿದರು. ಮೊದಲ ವರ್ಷಗಳಲ್ಲಿ ಸ್ಪೆಷಲ್ ಟೀಮ್ಸ್ ಅವರನ್ನು ಉಳಿಸಿತು, ನಾಯಕತ್ವವನ್ನೂ ಕೊಟ್ಟಿತು. 2022ರಲ್ಲಿ ಶಕೀಲ್ ಲೆನರ್ಡ್ ಗಾಯದಿಂದ ಹೊರಗುಳಿದಾಗ ಸಿಕ್ಕ ಅವಕಾಶದಲ್ಲಿ 167 ಟ್ಯಾಕಲ್‌ಗಳೊಂದಿಗೆ ಲೆನರ್ಡ್ ಹೆಸರಿನಲ್ಲಿದ್ದ ತಂಡದ ದಾಖಲೆಯನ್ನೇ ಮುರಿದರು. ಮರುವರ್ಷ ಅದನ್ನು 179ಕ್ಕೆ ಏರಿಸಿದರು.

ಭಾರತದ ನಂಟು

ತಂದೆಯ ಕಡೆಯಿಂದ ಭಾರತೀಯ ಮೂಲದ ಬ್ರ್ಯಾಂಡನ್ ಚಿಲ್ಲರ್ ಈ ಸ್ಥಾನದಲ್ಲಿ ಎನ್‌ಎಫ್‌ಎಲ್ ಆಡಿದವರು. ಯುಸಿಎಲ್‌ಎಯಲ್ಲಿ ಆಡಿ 2004ರ ನಾಲ್ಕನೆಯ ಸುತ್ತಿನಲ್ಲಿ ಸೇಂಟ್ ಲೂಯಿ ರ‍್ಯಾಮ್ಸ್ ಸೇರಿದರು, 2008ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ಗೆ ಬಂದರು. 2011ರ ಫೆಬ್ರವರಿಯಲ್ಲಿ ಪ್ಯಾಕರ್ಸ್ ಸೂಪರ್ ಬೌಲ್ ಗೆದ್ದಾಗ ಅವರು ಗಾಯಾಳುಗಳ ಪಟ್ಟಿಯಲ್ಲಿದ್ದರು. ಅದೇ ವರ್ಷ ಘೋಷಣೆಯಾದ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾದ ಬೆಂಬಲಿಗರಲ್ಲಿ ಅವರೂ ಒಬ್ಬರು. ಆ ಲೀಗ್‌ನ ತಂಡಗಳಲ್ಲಿ ಬೆಂಗಳೂರಿನ ಹೆಸರಿನದೂ ಒಂದಿತ್ತು.

ಅವಕಾಶದ ಮೌಲ್ಯಮಾಪನ

ಒಬ್ಬ ಅಂಚಿನ ಲೈನ್‌ಬ್ಯಾಕರ್ ಉಳಿಯುವನೇ ಎಂದು ಅಂದಾಜಿಸಲು ಅವನ ಟ್ಯಾಕಲ್‌ಗಳ ಎಣಿಕೆ ಸಾಲದು. ಅವನ ಮುಂದೆ ಖಾತ್ರಿ ಹಣದ ಎಷ್ಟು ಜನರಿದ್ದಾರೆ, ತಂಡದ ರಕ್ಷಣಾ ಪದ್ಧತಿ ಎಷ್ಟು ಲೈನ್‌ಬ್ಯಾಕರ್‌ಗಳನ್ನು ಬೇಡುತ್ತದೆ, ಅವನು ಎಷ್ಟು ಸ್ಥಾನಗಳನ್ನು ತುಂಬಬಲ್ಲ, ಒದೆತದ ಎಷ್ಟು ಪಡೆಗಳ ಮೊದಲ ಸಾಲಿನಲ್ಲಿ ಅವನ ಹೆಸರಿದೆ, ಅವನನ್ನು ಬಿಟ್ಟರೆ ಬೇರೆ ತಂಡ ಎತ್ತಿಕೊಳ್ಳುವ ಭಯವಿದೆಯೇ ಎಂಬುದನ್ನು ಒಟ್ಟಿಗೆ ನೋಡಬೇಕು. ಪ್ರೀಸೀಸನ್ ಪಂದ್ಯದ ಮೊದಲ ಕಿಕ್‌ಆಫ್‌ನಲ್ಲಿ ಮತ್ತು ಮೊದಲ ಪಂಟ್‌ನಲ್ಲಿ ಅವನು ಮೈದಾನದಲ್ಲಿದ್ದರೆ ಅದು ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವನು ಮಾಡುವ ಹತ್ತು ಟ್ಯಾಕಲ್‌ಗಳಿಗಿಂತ ನಂಬಬಹುದಾದ ಸೂಚನೆ. ಆರಂಭದ ಪಡೆಗಳಲ್ಲಿ ತಂಡ ಇಳಿಸುವುದು ಋತುವಿಗೂ ಬೇಕೆನಿಸಿದವರನ್ನೇ.

ಮೇಲಿನ ಆಟಗಾರರ ಬದುಕು ಇನ್ನೊಂದನ್ನೂ ಹೇಳುತ್ತದೆ. ಮಿಲ್ಸ್ ಮತ್ತು ಹ್ಯಾರಿಸನ್ ಹೊರಬಿದ್ದ ಬೇಸಿಗೆಗಳಲ್ಲಿ ಅವರ ಶಕ್ತಿ ಇಲ್ಲವಾಗಿರಲಿಲ್ಲ. ಆ ಹೊತ್ತಿಗೆ ಆ ತಂಡದಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಡಿತದ ಪಟ್ಟಿ ಅಳೆಯುವುದು ಒಂದು ತಂಡದ ಒಂದು ದಿನದ ಅಗತ್ಯವನ್ನು. ಆಟಗಾರನ ಕೈಯಲ್ಲಿರುವುದು ಎರಡನೆಯ ಕೆಲಸವನ್ನು ಮೊದಲನೆಯದರಷ್ಟೇ ಶ್ರದ್ಧೆಯಿಂದ ಕಲಿಯುವುದು ಮತ್ತು ಮುಂದಿನ ಕರೆ ಬಂದಾಗ ದೇಹವನ್ನು ಸಿದ್ಧವಾಗಿಟ್ಟುಕೊಳ್ಳುವುದು. ಫ್ರ್ಯಾಂಕ್ಲಿನ್ ಒದೆತದ ಪಡೆಗಳಲ್ಲಿ ಓಡುತ್ತಲೇ ರಕ್ಷಣೆಯ ಪಾಠವನ್ನು ಬಿಡದೆ ಕಲಿತದ್ದರಿಂದ ಜಾಗ ತೆರೆದ ದಿನ ಅದನ್ನು ತುಂಬಬಲ್ಲವರಾಗಿದ್ದರು.